‘ಇಷ್ಟೇನಾ?’: ಹಾಸನ ಸೀಮೆ ನೋಡೋಕೆ ಬಂದವರ ಇನ್ನೂರು ವರ್ಷದ ಮೆಚ್ಚುಗೆ, ನಿರಾಸೆ

ಈ ಸಂಚಿಕೆ ಒಂದೇ ಒಂದು ಪದದ ಬಗ್ಗೆ. ಆ ಪದ ‘ಇಷ್ಟೇನಾ?’

ಹಾಸನದ ಕಡೆಯವರಿಗೆ ಈ ಪದ ಹೊಸದಲ್ಲ. ವಾರದ ಕೊನೆಗೆ ಬೆಂಗಳೂರಿಂದ ಕಾರು ಮಾಡ್ಕೊಂಡು ಜನ ಬರ್ತಾರೆ. ಬೆಳಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಸಂಜೆಗೆ ಬೇಲೂರು. ರಾತ್ರಿ ವಾಪಸ್ ಹೋಗುವಾಗ ಮುಂದಿನ ಸೀಟಲ್ಲಿ ಕೂತವರು ‘ಜನ್ಮ ಸಾರ್ಥಕ ಆಯ್ತು’ ಅಂತಾರೆ. ಅದೇ ಕಾರಿನ ಹಿಂದಿನ ಸೀಟಲ್ಲಿ ಇರೋರು ‘ಎಲ್ಲ ಕಲ್ಲೇ ಕಣ್ರೀ, ಇಷ್ಟೇನಾ?’ ಅಂತಾರೆ. ಆಮೇಲೆ ಇಬ್ಬರೂ ಫೋನ್ ತೆಗೆದು ಸ್ಟಾರ್ ಕೊಡ್ತಾರೆ. ಒಬ್ಬರು ಐದು, ಇನ್ನೊಬ್ಬರು ಎರಡು. ಸರಾಸರಿ ಮೂರೂವರೆ. ನಾನು ಓದಿದ್ದು ಬಿ.ಕಾಂ. ಸರಾಸರಿ ತೆಗೆಯೋದು ಹೇಗೆ ಅಂತ ಅಲ್ಲಿ ಕಲಿಸ್ತಾರೆ, ಸರಾಸರಿ ಏನನ್ನು ಮುಚ್ಚಿಡುತ್ತೆ ಅಂತಾನೂ ಕಲಿಸ್ತಾರೆ. ಆ ಕಾರಿನಲ್ಲಿ ಮೂರೂವರೆ ಅನ್ನಿಸಿದವರು ಒಬ್ಬರೂ ಇರಲಿಲ್ಲ.

ಒಂದೇ ಜಾಗ, ಒಂದೇ ದಿನ, ಒಂದೇ ಬಿಸಿಲು. ಆದರೂ ಅಭಿಪ್ರಾಯ ಯಾಕೆ ಇಷ್ಟು ಬೇರೆ? ‘ಅವರವರ ಟೇಸ್ಟು’ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಹಾಸನ ಸೀಮೆಗೆ ಇನ್ನೂರು ವರ್ಷದಿಂದ ಬಂದು ಹೋದವರನ್ನು ಸ್ವಲ್ಪ ಗಮನಿಸಿ ನೋಡಿದ್ರೆ, ಇದು ಬರೀ ಟೇಸ್ಟಿನ ಮಾತಲ್ಲ ಅಂತ ಗೊತ್ತಾಗುತ್ತೆ. ಬಂದವರು ಯಾವ ಪ್ರಶ್ನೆ ಇಟ್ಕೊಂಡು ಬಂದಿದ್ರು, ಬರೋ ಮೊದಲು ಯಾವ ಚಿತ್ರ ನೋಡಿದ್ರು, ಯಾವ ಕಾಲದಲ್ಲಿ ಬಂದ್ರು, ಇದೆಲ್ಲ ಲೆಕ್ಕಕ್ಕೆ ಬರುತ್ತೆ. ಇನ್ನೊಂದು ವಿಷಯ. ಬಂದು ಹೋಗೋರ ಅಭಿಪ್ರಾಯ ಅವರ ಜೊತೆಗೇ ಹೊರಟು ಹೋಗಲ್ಲ. ಅದು ಇಲ್ಲೇ ಉಳಿಯುತ್ತೆ. ಅದರ ಹಿಂದೆ ರಸ್ತೆ ಬರುತ್ತೆ, ಬಸ್ಸು ಬರುತ್ತೆ, ಇಲ್ಲಾಂದ್ರೆ ಬರಲ್ಲ.

ಮೊದಲು 1801ಕ್ಕೆ ಹೋಗೋಣ. ಟಿಪ್ಪು ಸುಲ್ತಾನ್ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಈ ಸೀಮೆಗೆ ಕಳಿಸ್ತಾನೆ. ಹೆಸರು ಫ್ರಾನ್ಸಿಸ್ ಬುಕಾನನ್. ಓದಿದ್ದು ವೈದ್ಯಕೀಯ, ಮನಸ್ಸೆಲ್ಲ ಸಸ್ಯಶಾಸ್ತ್ರದಲ್ಲಿ. ಅವನಿಗೆ ಕೊಟ್ಟ ಕೆಲಸ ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಬೇಸಾಯ, ಕಸುಬು, ವ್ಯಾಪಾರ, ಜನರ ರೀತಿನೀತಿ ಇವನ್ನೆಲ್ಲ ನೋಡಿ ವರದಿ ಮಾಡೋದು. ಆ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯ್ತು. ಯಾವ ಊರಲ್ಲಿ ಯಾವ ಮಣ್ಣು, ರಾಗಿ ಹೇಗೆ ಬಿತ್ತುತ್ತಾರೆ, ಕೆರೆ ನೀರು ಎಷ್ಟು ಹೊಲಕ್ಕೆ ಸಾಕಾಗುತ್ತೆ, ಎಲ್ಲ ಅದರಲ್ಲಿದೆ.

ಆ ದಾರಿಯಲ್ಲೇ ಅವನು ಹಳೇಬೀಡಿಗೂ ಬಂದ. ಹೊಯ್ಸಳೇಶ್ವರ ದೇವಸ್ಥಾನ ನೋಡಿ ಬರೆದದ್ದನ್ನು ನನ್ನ ಮಾತಲ್ಲಿ ಹೇಳೋದಾದ್ರೆ ಹೀಗಿದೆ: ಮನುಷ್ಯರ, ಪ್ರಾಣಿಗಳ ಆಕೃತಿಗಳಲ್ಲಿ ಎಂದಿನ ಹಾಗೇ ಸೊಬಗಿಲ್ಲ. ಆದರೆ ಬಳ್ಳಿ, ಎಲೆಗಳ ಕೆತ್ತನೆ ಕೆಲವು ಕಡೆ ಅಚ್ಚುಕಟ್ಟಾಗಿದೆ. ಒಟ್ಟಿನಲ್ಲಿ ತಾನು ಅಲ್ಲಿವರೆಗೆ ನೋಡಿದ ಹಿಂದೂ ಕಟ್ಟಡಗಳನ್ನೆಲ್ಲ ಇದು ಮೀರಿಸುತ್ತೆ.

ಆ ‘ಎಂದಿನ ಹಾಗೇ’ ಅನ್ನೋದನ್ನು ಸ್ವಲ್ಪ ಗಮನಿಸಿ. ಅವನು ಹಳೇಬೀಡಿಗೆ ಬರೋ ಮೊದಲೇ ಮೂರ್ತಿಗಳ ಬಗ್ಗೆ ತೀರ್ಪು ಬರೆದಾಗಿತ್ತು. ಆ ಕಾಲದಲ್ಲಿ ಯುರೋಪಿನಲ್ಲಿ ಓದಿದವರಿಗೆ ಚೆಂದದ ಶಿಲ್ಪ ಅಂದ್ರೆ ಗ್ರೀಕರದ್ದು, ರೋಮನ್ನರದ್ದು. ಅಳತೆಗೋಲು ಅದು. ಆ ಅಳತೆಗೆ ನಮ್ಮ ಗಣಪತಿ, ನಮ್ಮ ಭೈರವಿ ಕೂರೋದಿಲ್ಲ. ಆದರೆ ಎಲೆ, ಬಳ್ಳಿಗೆ ಗ್ರೀಕ್ ಅಳತೆ ಬೇಕಿಲ್ಲ. ದಿನಾ ಗಿಡ ಕಿತ್ತು, ಎಲೆ ಬಿಡಿಸಿ ನೋಡ್ತಿದ್ದ ಕಣ್ಣಿಗೆ ಕಲ್ಲಿನ ಬಳ್ಳಿ ಮಾತ್ರ ಸರಿಯಾಗಿ ಕಂಡಿತು ಅನ್ನೋದು ನನ್ನ ಊಹೆ.

ಈಗ ಇನ್ನೊಬ್ಬ. ಜೇಮ್ಸ್ ಫರ್ಗುಸನ್. ಇವನು ಪಂಡಿತನಾಗಿ ಭಾರತಕ್ಕೆ ಬಂದವನಲ್ಲ, ವ್ಯಾಪಾರಕ್ಕೆ ಬಂದವನು. ಬಂಗಾಳದಲ್ಲಿ ನೀಲಿ ಬೆಳೆಸಿ, ಮಾರಿ ದುಡ್ಡು ಮಾಡಿದ. ಆಮೇಲೆ ಆ ದುಡ್ಡಲ್ಲಿ ಕಟ್ಟಡಗಳ ಇತಿಹಾಸದ ಬೆನ್ನು ಹತ್ತಿದ. ಕಾಮರ್ಸ್ ಓದಿದವರಿಗೆ ಇತಿಹಾಸ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸೋದು ಇವನನ್ನೇ.

1850ರ ದಶಕದಲ್ಲಿ ಡಾ. ನೀಲ್ ಎಂಬ ಸೇನಾ ವೈದ್ಯ ಮೈಸೂರು ಸೀಮೆಯ ದೇವಸ್ಥಾನಗಳ ಫೋಟೋ ತೆಗೆದಿದ್ದ. ಆಗ ಕ್ಯಾಮೆರಾ ಅಂದ್ರೆ ಹೆಗಲ ಮೇಲೆ ಹೊರಬೇಕಾದ ಸಾಮಾನು. ಅವನ ಫೋಟೋಗಳು, ಬೇರೆ ಇಬ್ಬರ ಫೋಟೋಗಳು ಸೇರಿ 1866ರಲ್ಲಿ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಬಂತು. ವಾಸ್ತುಶಿಲ್ಪದ ಟಿಪ್ಪಣಿ ಬರೆದವನು ಫರ್ಗುಸನ್. ಹತ್ತು ವರ್ಷ ಆದಮೇಲೆ, 1876ರ ತನ್ನ ಇತಿಹಾಸದ ಪುಸ್ತಕದಲ್ಲಿ ಅವನು ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಜೊತೆ ಹೋಲಿಸಿದ. ಎರಡೂ ಒಂದೇ ಥರ ಅಂತಲ್ಲ. ಕಟ್ಟಡ ಕಲೆಯ ಎರಡು ತುದಿಗಳು ಇವು ಅಂತ. ಒಂದು ಕಡೆ ಲೆಕ್ಕ, ಶಿಸ್ತು. ಇನ್ನೊಂದು ಕಡೆ ಕೆತ್ತಿದಷ್ಟೂ ಮುಗಿಯದ ಕಲ್ಪನೆ. ಹಳೇಬೀಡು ಪೂರ್ತಿಯಾಗಿದ್ದಿದ್ರೆ ಹಿಂದೂ ವಾಸ್ತುಶಿಲ್ಪದ ಪರ ವಾದ ಮಾಡೋರು ಇದರ ಮೇಲೇ ನಿಂತು ವಾದ ಮಾಡಬಹುದಿತ್ತು ಅನ್ನೋದು ಅವನ ಮಾತಿನ ಸಾರ.

ಅದೇ ಗೋಡೆ. ಅದೇ ಆನೆ ಸಾಲು. 1801ಕ್ಕೂ 1876ಕ್ಕೂ ನಡುವೆ ಕಲ್ಲು ಬದಲಾಗಲಿಲ್ಲ. ಬುಕಾನನ್‌ಗೆ ಬೇಸಾಯದ ವರದಿ ಬರೀಬೇಕಿತ್ತು, ದಾರಿಯಲ್ಲಿ ದೇವಸ್ಥಾನ ಸಿಕ್ಕಿತು. ಫರ್ಗುಸನ್‌ಗೆ ಜಗತ್ತಿನ ಕಟ್ಟಡಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೂರಿಸಬೇಕಿತ್ತು, ಹಳೇಬೀಡಿಗೆ ಎಲ್ಲಿ ಜಾಗ ಅಂತ ಹುಡುಕಿದ. ಮೇಜಿನ ಮೇಲೆ ಫೋಟೋ ಇಟ್ಟುಕೊಂಡು ಒಂದು ಪಟ್ಟಿಕೆಯನ್ನು ಎಷ್ಟು ಹೊತ್ತು ಬೇಕಾದ್ರೂ ನೋಡಬಹುದು, ಆ ಅನುಕೂಲ ಕುದುರೆ ಮೇಲೆ ಊರೂರು ತಿರುಗೋನಿಗೆ ಇಲ್ಲ. ಇವತ್ತು ಹಳೇಬೀಡಿಗೆ ಒಂದು ಗಂಟೆ ಇಟ್ಕೊಂಡು ಬರೋರ ಸ್ಥಿತಿ ಬುಕಾನನ್‌ನದೇ. ಅರ್ಧ ಕಿಲೋಮೀಟರ್ ಆಚೆ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿ ಥರ ಹೊಳೀತಾವೆ, 1133ರ ಕೆಲಸ ಅದು. ಅಲ್ಲಿಗೆ ಕಾಲಿಡದೇ ವಾಪಸ್ ಹೋಗೋರೇ ಜಾಸ್ತಿ.

ಈಗ ಅಲ್ಲಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಬರೋಣ, ಶ್ರವಣಬೆಳಗೊಳಕ್ಕೆ. ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, ಶ್ರೀರಂಗಪಟ್ಟಣದ ಯುದ್ಧದ ಕಾಲದಲ್ಲಿ ಈ ಕಡೆ ಇದ್ದ. ಅವನು ಗೊಮ್ಮಟನನ್ನು ನೋಡಿ ಬೆರಗಾದ ಅಂತ ಫರ್ಗುಸನ್ ಬರೀತಾನೆ. ವೆಲ್ಲೆಸ್ಲಿಗೆ ಬಂದ ಪ್ರಶ್ನೆ ಏನು ಗೊತ್ತಾ? ಇದನ್ನು ಬೆಟ್ಟದಲ್ಲೇ ಕಡೆದಿದ್ದಾ, ಇಲ್ಲಾ ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದಾ? ಇದು ಸೈನ್ಯದವನ ಪ್ರಶ್ನೆ. ದಿನಾ ಫಿರಂಗಿ ಎಳೆಸ್ತಿದ್ದವನಿಗೆ, ಸುಮಾರು 58 ಅಡಿಯ ಕಲ್ಲನ್ನು ಗುಡ್ಡದ ಮೇಲೆ ಎಳೆಸೋಕೆ ಎಷ್ಟು ಎತ್ತು ಬೇಕು ಅಂತ ಲೆಕ್ಕ ಓಡಿರಬೇಕು. ಅದು ಅಲ್ಲೇ ಇದ್ದ ಬಂಡೆಯಲ್ಲಿ ಕಡೆದದ್ದು ಅಂತ ಇವತ್ತು ನಮಗೆ ಗೊತ್ತು. ಚಾವುಂಡರಾಯ ಮಾಡಿಸಿದ್ದು, 981ರ ಸುಮಾರಿಗೆ.

ಅದೇ ಬೆಟ್ಟಕ್ಕೆ ಸಾವಿರ ವರ್ಷದಿಂದ ಇನ್ನೊಂದು ಥರದ ಜನಾನೂ ಬರ್ತಿದ್ದಾರೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಇದ್ದದ್ದು 144. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು ಪರಿಷ್ಕರಿಸಿದಾಗ 500 ಆಯ್ತು. ಇವುಗಳಲ್ಲಿ ರಾಜರ ದಾನ ಇದೆ, ಮುನಿಗಳ ಸಲ್ಲೇಖನ ಇದೆ. ಜೊತೆಗೆ ಬರೀ ಯಾತ್ರಿಕರ ಹೆಸರುಗಳೂ ಬೇಕಾದಷ್ಟಿವೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಅನ್ನೋ ಅಕ್ಷರಗಳಿವೆ, ಅದು ನಮ್ಮ ರನ್ನನದೇ ಅಂತ ವಿದ್ವಾಂಸರು ಗುರುತಿಸ್ತಾರೆ. ದೊಡ್ಡಬೆಟ್ಟದ ಮೇಲೆ ಉತ್ತರ ಭಾರತದಿಂದ ಬಂದವರು ನಾಗರಿಯಲ್ಲಿ, ಮಹಾಜನಿ ಲಿಪಿಯಲ್ಲಿ ಕೊರೆದ ಬರಹಗಳಿವೆ. ಮಹಾಜನಿ ಅಂದ್ರೆ ವರ್ತಕರು ಲೆಕ್ಕದ ಪುಸ್ತಕ ಬರೆಯೋ ಲಿಪಿ. ಅಷ್ಟು ದೂರದಿಂದ ತಿಂಗಳುಗಟ್ಟಲೆ ನಡೆದು ಬಂದ ವ್ಯಾಪಾರಿ, ಲೆಕ್ಕ ಬರೆಯೋ ಅಕ್ಷರದಲ್ಲೇ ತಾನು ಬಂದದ್ದನ್ನು ಜಮಾ ಮಾಡಿ ಹೋದ. ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಅನ್ನೋ ಮಾತು ಅವನಿಗೆ ಬೇಕೇ ಇರಲಿಲ್ಲ. ಬಂದು ತಲುಪಿದ್ದೇ ಅವನಿಗೆ ದೊಡ್ಡದು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸುಮಾರು 650 ಮೆಟ್ಟಿಲು ಬರಿಗಾಲಲ್ಲಿ ಹತ್ತಿದವರು ಹೇಳೋದು ಅಂಗಾಲು ಸುಟ್ಟ ಕಥೆ. ಬೆಳಗ್ಗೆ ಆರೂವರೆಗೆ ಹತ್ತಿದವರು ಹೇಳೋದು ಮಂಜು, ಕೆಳಗಿನ ಕಲ್ಯಾಣಿ, ತೆಂಗಿನ ತೋಟ. 2006ರ ಇಲ್ಲವೇ 2018ರ ಮಹಾಮಸ್ತಕಾಭಿಷೇಕಕ್ಕೆ ಬಂದವರದ್ದು ಮೂರನೇ ಕಥೆ. ಮೂರೂ ಸುಳ್ಳಲ್ಲ. ಆದರೆ ಮೂವರೂ ‘ಶ್ರವಣಬೆಳಗೊಳ ಹೀಗಿದೆ’ ಅಂತಾರೆಯೇ ಹೊರತು ‘ನಾನು ಹೋದ ಹೊತ್ತಿನಲ್ಲಿ ಹೀಗಿತ್ತು’ ಅಂತ ಹೇಳಲ್ಲ.

ಇನ್ನು ಹೋಲಿಕೆಯ ವಿಷಯ. ಹಾಸನದಿಂದ ಬೇಲೂರು ದಾರಿಗೆ ಹತ್ತಿರದಲ್ಲೇ ದೊಡ್ಡಗದ್ದವಳ್ಳಿ ಇದೆ. ಅಲ್ಲಿನ ಲಕ್ಷ್ಮೀದೇವಿ ದೇವಸ್ಥಾನವನ್ನು ಕುಲ್ಲಹಣ ರಾಹುತ ಅನ್ನೋ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ 1114ರ ಸುಮಾರಿಗೆ ಕಟ್ಟಿಸಿದರು. ವಿಷ್ಣುವರ್ಧನ ಬೇಲೂರಿನ ಚನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಂದ್ರೆ ದೊಡ್ಡಗದ್ದವಳ್ಳಿ ಬೇಲೂರಿಗಿಂತ ಹಿರಿಯದು. ನಾಲ್ಕು ಗರ್ಭಗುಡಿ, ಮೆಟ್ಟಿಲು ಮೆಟ್ಟಿಲಾದ ಶಿಖರಗಳು, ಪಕ್ಕದಲ್ಲಿ ಕೆರೆ. ಹೊರಗೋಡೆ ಮೇಲೆ ಬೇಲೂರಿನಷ್ಟು ಕೆತ್ತನೆ ಇಲ್ಲ. ಬೇಲೂರು ನೋಡಿಕೊಂಡು ಇಲ್ಲಿಗೆ ಬಂದವರು ‘ಇಲ್ಲೇನೂ ಇಲ್ಲ’ ಅಂತಾರೆ. ಮೊದಲು ಇಲ್ಲಿಗೆ ಬಂದು ಆಮೇಲೆ ಬೇಲೂರಿಗೆ ಹೋದವರಿಗೆ, ಮೂರು ವರ್ಷದಲ್ಲಿ ಇದೇ ಸೀಮೆಯ ಕಲ್ಲುಕುಟಿಗರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಕಣ್ಣಿಗೆ ಕಾಣುತ್ತೆ. ದಾರಿಯ ಕ್ರಮ ಬದಲಾದ್ರೆ ಅಭಿಪ್ರಾಯ ಬದಲಾಗುತ್ತೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಬನ್ನಿ. ಲಕ್ಷ್ಮೀನರಸಿಂಹ ದೇವಸ್ಥಾನ, 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಇಲ್ಲಿನ ಶಿಲ್ಪಿಗಳು ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಮುಖ್ಯವಾದವರು ಇಬ್ಬರು, ಬೈಚೋಜ ಮತ್ತು ಮಲ್ಲಿತಮ್ಮ. ಆ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ಸೋಮನಾಥಪುರ ಇವತ್ತು ಪ್ರವಾಸಿಗರಿಗೆಲ್ಲ ಗೊತ್ತು, ಮೈಸೂರಿಗೆ ಹತ್ತಿರ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮಗೆಲ್ಲ ಹೆಮ್ಮೆಯ ದಿನವೇ. ಆದರೆ ಮಲ್ಲಿತಮ್ಮ ಒಂದು ಕಡೆ ವಿಶ್ವ ಪರಂಪರೆ, ಇನ್ನೊಂದು ಕಡೆ ‘ನುಗ್ಗೇಹಳ್ಳಿನಾ, ಅದೆಲ್ಲಿ ಬರುತ್ತೆ?’. ಅಭಿಪ್ರಾಯದಿಂದ ಪಟ್ಟಿ ಆಗುತ್ತೆ, ಪಟ್ಟಿಯಿಂದ ಮತ್ತೆ ಅಭಿಪ್ರಾಯ ಆಗುತ್ತೆ. ಪಟ್ಟಿಯಲ್ಲಿ ಇದ್ದ ಜಾಗಕ್ಕೆ ಜನ ಮೆಚ್ಚೋಕೆ ತಯಾರಾಗೇ ಬರ್ತಾರೆ. ಪಟ್ಟಿಯಲ್ಲಿ ಇಲ್ಲದ ಜಾಗ ಪ್ರತಿ ಸಲವೂ ತನ್ನನ್ನು ಹೊಸದಾಗಿ ಸಾಬೀತು ಮಾಡ್ಕೋಬೇಕು.

ಇದರ ಉಲ್ಟಾ ಉದಾಹರಣೆಗಳೂ ಇವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಂಡೆಯ ಒಂದು ಊರು. ಸುಮ್ಮನೆ ಬಂದವರಿಗೆ ಹೊಳೆ, ಗದ್ದೆ, ನಾಲ್ಕು ಬೀದಿ. ಆದರೆ ಕರ್ನಾಟಕ ಸಂಗೀತ ಕೇಳೋರಿಗೆ ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಅನ್ನೋ ಹೆಸರಿನ ಮೊದಲಕ್ಷರವೇ ಈ ಊರು. ತಂಬೂರಿ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರ ನೋಡೋಕೆ ಅವರು ದೂರದಿಂದ ಬರ್ತಾರೆ. ಅಲ್ಲಿಂದ ಸ್ವಲ್ಪ ದೂರಕ್ಕೆ ರಾಮನಾಥಪುರ. ನದಿಯಲ್ಲಿ ದೇವರ ಮೀನುಗಳಿಗೆ ಪುರಿ ಹಾಕಿದ ಮಕ್ಕಳಿಗೆ ರಾಮೇಶ್ವರನಿಗಿಂತ ಆ ಮೀನೇ ನೆನಪಿರುತ್ತೆ. ಹೊಳೆನರಸೀಪುರ ಬಹಳ ಜನಕ್ಕೆ ಮೈಸೂರು–ಅರಸೀಕೆರೆ ರೈಲಿನ ಒಂದು ಸ್ಟೇಷನ್ನು, ಜಾಸ್ತಿ ಅಂದ್ರೆ ರಾಜಕೀಯದ ಊರು. ಶಂಕರರ ವೇದಾಂತ ಓದೋರಿಗೆ ಅದು ಸಚ್ಚಿದಾನಂದೇಂದ್ರ ಸರಸ್ವತಿಗಳ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ಊರು, ಹೊರದೇಶದಿಂದಲೂ ಹುಡುಕ್ಕೊಂಡು ಬರೋ ಜಾಗ. ಈ ಊರುಗಳಿಗೆ ಬಂದು ನಿರಾಸೆಯಾಗೋರು ಕಮ್ಮಿ, ಯಾಕಂದ್ರೆ ಯಾಕೆ ಬರ್ತಿದ್ದೀವಿ ಅಂತ ಗೊತ್ತಿರೋರೇ ಬರ್ತಾರೆ.

ಇಷ್ಟು ಹೇಳಿದ ಮೇಲೆ ಶೆಟ್ಟಿಹಳ್ಳಿಯ ವಿಷಯಕ್ಕೆ ಬರಲೇಬೇಕು. ಹಾಸನದಿಂದ ಸುಮಾರು 20 ಕಿಲೋಮೀಟರ್. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದರು. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ, ಸುತ್ತಲಿನ ಹಳ್ಳಿಗಳು ಹೋದವು. ಚರ್ಚಿನ ಛಾವಣಿ ಹೋಯ್ತು, ಗೋಡೆ, ಕಮಾನು ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಸುತ್ತ ಒಣ ನೆಲ, ನಡೆದೇ ಒಳಗೆ ಹೋಗಬಹುದು.

ಇಂಟರ್ನೆಟ್ಟಿನಲ್ಲಿ ಹೆಚ್ಚಾಗಿ ಓಡಾಡೋದು ಅರ್ಧ ಮುಳುಗಿದ ಫೋಟೋ. ಅದನ್ನು ನೋಡಿ ಮಾರ್ಚ್, ಏಪ್ರಿಲ್‌ನಲ್ಲಿ ಬಂದವರಿಗೆ ಒಣಗಿದ ಬಯಲು, ಮುರಿದ ಗೋಡೆ ಕಾಣುತ್ತೆ. ‘ಮೋಸ ಆಯ್ತು, ನೀರೇ ಇಲ್ಲ’ ಅಂತ ಬರೀತಾರೆ. ಹಳೇಬೀಡಿನ ಫೋಟೋ 1866ರಲ್ಲಿ ಮಾಡಿದ ಕೆಲಸವನ್ನೇ ಈ ಫೋಟೋ ಇಲ್ಲೂ ಮಾಡಿದೆ, ಫಲ ಮಾತ್ರ ಬೇರೆ. ಫೋಟೋ ನೋಡಿ ಫರ್ಗುಸನ್ ಕಲ್ಲಿನ ವಿವರಕ್ಕೆ ಇಳಿದ. ನಾವು ಫೋಟೋ ನೋಡಿ ಅದೇ ಫೋಟೋ ಮತ್ತೆ ತೆಗೆಯೋಕೆ ಬರ್ತೀವಿ.

ಆ ನೀರಿನ ಲೆಕ್ಕ ಏನು ಅಂತ ನೋಡಿ. ಗೊರೂರು ಜಲಾಶಯದ ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆ, ತೋಟ, ಕುಡಿಯೋ ನೀರು ಎಲ್ಲ ಇದನ್ನು ನಂಬಿಕೊಂಡಿವೆ. ಬೇಸಿಗೆಯಲ್ಲಿ ಚರ್ಚ್ ಮೇಲೆ ಕಾಣೋದು ಆ ನೀರು ಎಲ್ಲೋ ಒಂದು ಬೆಳೆಗೆ ಹೋಗಿದೆ ಅಂತ. ಮಳೆಗಾಲದಲ್ಲೂ ಚರ್ಚ್ ಮುಳುಗದೇ ಇದ್ರೆ ಅದು ಬರಗಾಲದ ಲಕ್ಷಣ, ನಾಲೆ ಕೊನೆಯ ರೈತನಿಗೆ ನಿದ್ದೆ ಇರಲ್ಲ. ಪ್ರವಾಸಿಗನ ‘ನೀರಿಲ್ಲ’ ಅನ್ನೋ ನಿರಾಸೆಗೂ ರೈತನ ‘ನೀರಿಲ್ಲ’ ಅನ್ನೋ ನಿರಾಸೆಗೂ ಪದ ಒಂದೇ.

ಇವರಿಬ್ಬರನ್ನು ಬಿಟ್ಟು ಮೂರನೆಯವರು ಇದ್ದಾರೆ. ಆ ಚರ್ಚಿನಲ್ಲಿ ಮದುವೆಯಾದವರು, ಮಗುವಿಗೆ ಹೆಸರಿಟ್ಟವರು, ಸುತ್ತಲ ಹೊಲ ಉತ್ತವರು. ಅವರು ಬೇರೆ ಕಡೆ ಹೋಗಿ ಹೊಸ ಊರು ಕಟ್ಟಿಕೊಂಡರು. ಹೇಮಾವತಿ ಮುಳುಗಡೆ ಸಂತ್ರಸ್ತರ ಜಮೀನಿನ ವಿಷಯ ಹಾಸನದ ಪತ್ರಿಕೆಗಳಲ್ಲಿ ದಶಕಗಳಿಂದ ಬರ್ತಾನೇ ಇದೆ. ಅವರಿಗೆ ಶೆಟ್ಟಿಹಳ್ಳಿ ನೋಡೋ ಜಾಗ ಅಲ್ಲ, ಬಿಟ್ಟು ಬಂದ ಜಾಗ. ‘ಚರ್ಚು ಪೂರ್ತಿ ಮುಳುಗಿಲ್ಲ, ಎರಡು ಸ್ಟಾರ್’ ಅನ್ನೋದನ್ನು ಅವರ ಮೊಮ್ಮಕ್ಕಳು ಫೋನಿನಲ್ಲಿ ಓದಿದ್ರೆ ಏನನ್ನಿಸಬೇಕು? ಪ್ರವಾಸಿಗ ಕೆಟ್ಟವನಲ್ಲ. ಅಲ್ಲಿ ಒಂದು ಊರಿತ್ತು ಅಂತ ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ. ಹೇಳೋ ಕೆಲಸ ನಮ್ಮದು, ಈ ಜಿಲ್ಲೆಯವರದು.

ಅದೇ ಗೊರೂರಿನ ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಆ ಊರಿನ ಗೊರೂರು ರಾಮಸ್ವಾಮಿ ಅಯ್ಯಂಗಾರ್, 1904ರಲ್ಲಿ ಹುಟ್ಟಿದವರು, ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಒಂದು ಪ್ರವಾಸಕಥನ ಬರೆದರು. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಹೆಸರು ‘ಅಮೆರಿಕದಲ್ಲಿ ಗೊರೂರು’. ಆ ಹೆಸರಲ್ಲೇ ಅರ್ಧ ಉತ್ತರ ಇದೆ ಅನ್ಸುತ್ತೆ ನನಗೆ. ಅದು ಬರೆದವರ ಹೆಸರೂ ಹೌದು, ಅವರು ಜೊತೆಗೆ ಕಟ್ಟಿಕೊಂಡು ಹೋದ ಊರಿನ ಹೆಸರೂ ಹೌದು. ಎಲ್ಲಿಗೇ ಹೋದ್ರೂ ನಾವು ನಮ್ಮ ಊರಿನ ಕಣ್ಣಿಂದಲೇ ನೋಡ್ತೀವಿ. ಗೊರೂರರು ಅದನ್ನು ಮುಚ್ಚಿಡದೇ ಪುಸ್ತಕದ ಹಣೆಯ ಮೇಲೇ ಬರೆದುಬಿಟ್ಟರು.

ಹಾಗಾದ್ರೆ ನಿರಾಸೆಯಾದ್ರೆ ಹೇಳಲೇಬಾರದಾ? ಖಂಡಿತ ಹೇಳಿ. ಶೌಚಾಲಯ ಇಲ್ಲ, ಕುಡಿಯೋ ನೀರಿಲ್ಲ, ಬಸ್ಸಿಲ್ಲ ಅನ್ನೋದನ್ನು ಜೋರಾಗೇ ಹೇಳಿ, ಅದು ಸ್ಥಳೀಯರಿಗೂ ಉಪಕಾರ. ಉಳಿದದ್ದನ್ನು ಹೇಳುವಾಗ ಮೂರು ವಿವರ ಸೇರಿಸಿ: ಯಾವ ತಿಂಗಳು, ಎಷ್ಟು ಹೊತ್ತಿಗೆ ಹೋಗಿದ್ರಿ. ಎಷ್ಟು ಹೊತ್ತು ಇದ್ರಿ. ಏನು ನೋಡೋಕೆ ಅಂತ ಹೋಗಿದ್ರಿ. ಬುಕಾನನ್ ತಾನು ಯಾಕೆ ಬಂದೆ ಅನ್ನೋದನ್ನು ಪುಸ್ತಕದ ಶೀರ್ಷಿಕೆಯಲ್ಲೇ ಹೇಳಿದ್ದ, ಹಾಗಾಗಿ ಇನ್ನೂರು ವರ್ಷ ಆದಮೇಲೂ ಅವನ ತೀರ್ಪನ್ನು ನಾವು ತೂಗಿ ನೋಡಬಹುದು. ನಿಮ್ಮ ಎರಡು ಸ್ಟಾರನ್ನೂ ಆಗ ಮುಂದಿನವರು ತೂಗಿ ನೋಡ್ತಾರೆ.

ಮುಂದಿನ ಸಲ ಬೇಲೂರಿಗೆ ಹೊರಟಾಗ ದೊಡ್ಡಗದ್ದವಳ್ಳಿಗೆ ಮೊದಲು ಹೋಗಿ. ಚನ್ನರಾಯಪಟ್ಟಣದ ಕಡೆ ಬಂದ್ರೆ ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಹೆಸರು ಹುಡುಕಿ. ಶೆಟ್ಟಿಹಳ್ಳಿಗೆ ಹೋದ್ರೆ, ನೀರಿರಲಿ, ಇಲ್ಲದಿರಲಿ, ಅಲ್ಲಿನ ಹಿರಿಯರು ಯಾರಾದ್ರೂ ಸಿಕ್ಕರೆ ‘ಊರು ಎಲ್ಲಿತ್ತು ಅಣ್ಣಾ?’ ಅಂತ ಒಂದು ಮಾತು ಕೇಳಿ.